ನಾಲ್ಕನೆಯ ಫಾರಂನ ಹುಡುಗಿ

ಅವಳು ಮಗಳಿಗೆ ಅಟಲಾಂಟಾ ಎಂದು ಹೆಸರಿಟ್ಟಾಗ ಗಂಡ ತಲೆ ಕೆರೆದುಕೊಂಡ. ಬೀಗ ರಿಪೇರಿಯವನು, ಗೋಜಲು ಕಂಡರಾಗದು. "ಇಷ್ಟುದ್ದದ ಹೆಸರು ಕೂಗಿ ಮುಗಿಸೋಷ್ಟರಲ್ಲಿ ಮಗು ಬೀದಿ ಕೊನೇಲಿರುತ್ತೆ ಕಣೇ," ಎಂದ.

"ಓಡಲಿ ಬಿಡು, ಅದಕ್ಕೇ ಇಟ್ಟಿದ್ದು," ಎಂದಳು ಅವಳು.

ಅವಳು ಬೈಂಡಿಂಗ್ ಶೆಡ್ಡಿನಲ್ಲಿ ಪುಸ್ತಕ ಮಡಚಿ ಹೊಲಿಯುವವಳು. ಅಚ್ಚಾದ ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಉದ್ದ ಮೇಜಿನ ಸುತ್ತ ಕೂತ ಹೆಂಗಸರಿಗೆ ತಲಾ ಒಂದು ಫಾರಂ. ಮಡಿಕೆ ತೀಡುತ್ತ, ಕಣ್ಣಿಗೆ ಬಿದ್ದಷ್ಟನ್ನು ಓದುತ್ತ ಕೆಲಸ ಸಾಗುತ್ತದೆ. ಹಾಗಾಗಿ ಅಲ್ಲಿ ಯಾರಿಗೂ ಯಾವ ಕತೆಯೂ ಪೂರ್ತಿ ಗೊತ್ತಿಲ್ಲ. ಒಬ್ಬಳಿಗೆ ಕೊಲೆ ಗೊತ್ತು, ಪಕ್ಕದವಳಿಗೆ ಕೊಲೆಗಾರ ಗೊತ್ತು. ಇಬ್ಬರೂ ಮಾತು ಬಿಟ್ಟಿದ್ದರೆ ಮುಗಿಯಿತು, ಕೇಸು ಬಿದ್ದುಹೋದ ಹಾಗೇ.

ಬಸುರಿಯಾಗಿದ್ದಾಗ ಅವಳ ಪಾಲಿಗೆ ಬಂದದ್ದು ಗ್ರೀಕ್ ಪುರಾಣಕತೆಗಳ ನಾಲ್ಕನೆಯ ಫಾರಂ. ಗಂಡು ಬೇಕೆಂದು ಕಾದಿದ್ದ ರಾಜನಿಗೆ ಹೆಣ್ಣು ಹುಟ್ಟಿತು. ಕೂಸನ್ನು ಬೆಟ್ಟದ ಮೇಲೆ ಬಿಟ್ಟುಬನ್ನಿ ಎಂದ. ಕರಡಿಯೊಂದು ಹಾಲೂಡಿಸಿತು, ಬೇಟೆಗಾರರು ಸಾಕಿದರು. ಬೆಳೆದ ಅಟಲಾಂಟಾಳನ್ನು ಓಟದಲ್ಲಿ ಹಿಂದಿಕ್ಕುವ ಗಂಡಸೇ ಇರಲಿಲ್ಲ. ಫಾರಂ ಅಲ್ಲಿಗೆ ಮುಗಿಯಿತು. ಮುಂದಿನದು ಎದುರು ಕೂತವಳ ಹತ್ತಿರವೇ ಇತ್ತು. ಇವಳು ಕೈ ಚಾಚಲಿಲ್ಲ. ತನಗೆ ಬೇಕಾದಷ್ಟು ಸಿಕ್ಕಿತ್ತು.

ಯಾಕೆಂದರೆ ಅದು ಇವಳದೇ ಕತೆ. ಚೊಚ್ಚಲು ಹೆಣ್ಣೆಂದು ಮುಖ ಕಿವುಚಿದ ಅಪ್ಪ, ಕೂಸನ್ನು ತೊಟ್ಟಿಲ ಸಮೇತ ಮಕ್ಕಳಿಲ್ಲದ ತನ್ನ ಅಕ್ಕನ ಮನೆಗೆ ದಾಟಿಸಿದ್ದ. ಮುಂದಿನದು ಗಂಡೇ ಆಗುತ್ತದೆಂದು ಕಾದ. ಮುಂದಿನದು ಹುಟ್ಟಲೇ ಇಲ್ಲ. ಅಮ್ಮ ಕದ್ದುಮುಚ್ಚಿ ಬಂದು ಹಾಲೂಡಿಸಿ ಹೋಗುತ್ತಿದ್ದಳಂತೆ. ಪಾಪ, ಬೇಗ ತೀರಿಕೊಂಡಳು. ಸೋದರತ್ತೆ ಊಟಕ್ಕೂ ಅಕ್ಕರೆಗೂ ಕೊರತೆ ಮಾಡಲಿಲ್ಲ, ಆ ಮಾತು ಬೇರೆ. ಆದರೆ ಬೀದಿಯಲ್ಲಿ ಎದುರಾದಾಗ ಹೆತ್ತಪ್ಪ ನೆರೆಮನೆಯ ಮಗುವನ್ನು ಕೇಳುವಂತೆ "ಚೆನ್ನಾಗಿದ್ದೀಯೇನಮ್ಮಾ" ಎಂದು ಕೇಳಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದನಲ್ಲ, ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಮಗಳಿಗಿಟ್ಟ ಈ ಹೆಸರೇನೆಂದು ಅವನು ಒಂದು ದಿನ ಕೇಳಲಿ, ಮುಖಕ್ಕೆ ಹೊಡೆದ ಹಾಗೆ ಹೇಳುತ್ತೇನೆ ಎಂದು ಅವಳು ಕಾದಿದ್ದಳು.

ಮಗುವಿಗೆ ಎರಡು ತಿಂಗಳಾದ ಮೇಲೆ ಅಪ್ಪ ಬಂದ. ಕರೆದಿರಲಿಲ್ಲ, ತಾನಾಗೇ ಬಂದ. ಸ್ಟೂಲಿನ ತುದಿಯಲ್ಲಿ ಕೂತು ಮಗುವಿನತ್ತ ಕೈ ಚಾಚಿದ. ಅವಳು ಮಗುವನ್ನು ಹೆಗಲ ಮೇಲಕ್ಕೆ ಏರಿಸಿಕೊಂಡಳು.

"ಏನೋ ಹೆಸರಂತೆ, ನನ್ನ ನಾಲಿಗೆ ಹೊರಳಲ್ಲ. ಯಾರಮ್ಮಾ ಅವಳು?"

ಹೇಳಿದಳು, ಒಂದಕ್ಷರ ಬಿಡದೆ. ಬೀಗ ಬಿಚ್ಚುತ್ತಿದ್ದ ಗಂಡ ತಲೆ ಎತ್ತಲಿಲ್ಲ. ಅಪ್ಪನ ಮುಖ ಸಪ್ಪಗಾಯಿತು. ಅವನು ಕೇಳಿದ: "ಆ ಅಪ್ಪ ಆಮೇಲೆ ಏನಾದ?"

ಅವಳಿಗೆ ಗೊತ್ತಿರಲಿಲ್ಲ. ಅದನ್ನು ಯಾರಾದರೂ ಕೇಳಬಹುದೆಂದೇ ಹೊಳೆದಿರಲಿಲ್ಲ. "ನನ್ನ ಫಾರಂನಲ್ಲಿ ಆಮೇಲೆ ಅವನಿಲ್ಲ," ಎಂದಳು. ಅಪ್ಪ ತಲೆಯಾಡಿಸಿ, ಎದ್ದು ಹೋದ.

ಮರುದಿನ ಮಗುವನ್ನು ಎತ್ತಿಕೊಂಡು ಶೆಡ್ಡಿಗೆ ಹೋದಳು. ಪುಸ್ತಕದ ಬೆನ್ನಿಗೆ ಅಂಟು ಬಳಿಯುವ ಗೋಂದಜ್ಜ, ಅಂಚು ತಪ್ಪಿ ಕತ್ತರಿಸಿದ್ದ ಆ ಗ್ರೀಕ್ ಪುರಾಣದ ಒಂದು ಪ್ರತಿಯನ್ನು ತನ್ನ ಕುರ್ಚಿಯ ಕುಂಟುಗಾಲಿನ ಕೆಳಗಿಟ್ಟಿದ್ದ. "ಪುರಾಣ ಎಳೀಬೇಡವೇ, ನಾನು ಉರುಳ್ತೀನಿ," ಎಂದರೂ ಎದ್ದು ಕೊಟ್ಟ. ಅವಳು ನಿಂತಲ್ಲೇ ಓದಿದಳು. ಅಟಲಾಂಟಾ ಹೆಸರು ಮಾಡಿದ ಮೇಲೆ ರಾಜ, ಇವಳು ನನ್ನ ಮಗಳೇ ಎಂದು ಒಪ್ಪಿಕೊಂಡು ಮನೆಗೆ ಕರೆದ. ಅವಳು ಹೋದಳು. ಇವಳಿಗೆ ಮೈಯೆಲ್ಲ ಉರಿದುಹೋಯಿತು. ಹೋದಳಂತೆ! ಅಷ್ಟು ಓಡಿದವಳು, ಕರೆದ ತಕ್ಷಣ ಹೋಗುವುದೇ?

ಅಲ್ಲಿಂದ ನೇರ ಅಪ್ಪನ ಮನೆಗೆ ನಡೆದಳು. ಒಂಟಿ ಕೋಣೆ, ಒಂದು ಮಂಚ, ಹಗ್ಗದ ಮೇಲೆ ಒಣಗುತ್ತಿದ್ದ ಒಂದೇ ಅಂಗಿ. ಅಪ್ಪ ಬಾಗಿಲು ತೆರೆದ.

"ಅವಳು ಗೆದ್ದ ಮೇಲೆ ಕರೆದನಂತೆ," ಎಂದಳು, ಹೊಸಿಲು ದಾಟದೆ.

"ಹೋದಳಾ?"

"ಹೋದಳು."

"ಗೆದ್ದೋಳನ್ನ ಕರೆಯೋದೇನು ದೊಡ್ಡದು," ಎಂದ ಅಪ್ಪ. "ನೀನು ಏನೂ ಗೆಲ್ಲದಿದ್ರೂ ನಾನು ಕರೀಬೇಕಿತ್ತು. ಕರೆಯೋಣ ಅಂದಾಗೆಲ್ಲ ಯಾವ ಮುಖ ಇಟ್ಕೊಂಡು ಅನ್ನಿಸ್ತಿತ್ತು. ತಪ್ಪು ಮಾಡ್ದೆ ಕಣಮ್ಮಾ."

ಅವಳ ಸಿಟ್ಟು ಇಳಿಯಲಿಲ್ಲ. ಹುಟ್ಟಿದಾಗಿನಿಂದ ಬಂದ ಸಿಟ್ಟು ಒಂದು ಮಾತಿಗೆ ಇಳಿಯುವುದಾದರೆ ಅದನ್ನು ಸಿಟ್ಟು ಎನ್ನುವುದೇ ದಂಡ. ಆದರೂ ಒಳಗೆ ಬಂದಳು, ಮಗುವನ್ನು ಅವನ ಕೈಗಿಟ್ಟಳು. ಅಪ್ಪ ಅದನ್ನು ಎರಡೂ ಕೈ ಚಾಚಿ ತಟ್ಟೆ ಹಿಡಿದಂತೆ ಹಿಡಿದ. ಮಗುವಿನ ತಲೆ ಹಿಂದಕ್ಕೆ ವಾಲಿತು.

"ಕುತ್ತಿಗೆ ಕೆಳಗೆ ಕೈ ಕೊಡಪ್ಪಾ," ಎಂದಳು. "ನನ್ನ ಎತ್ಕೊಂಡಿದ್ರೆ ಗೊತ್ತಿರ್ತಿತ್ತು."