ಒದ್ದೆ ಜರಡಿ

ಹುಸೇನಬಿ ಅಕ್ಕ, ನಿಮ್ಮ ಹಕ್ಕರಕಿ ಸೊಪ್ಪಿನಲ್ಲಿ ವಿಷವಿರಲಿಲ್ಲ. ಇದೆ ಎಂದು ಬೆಟಗೇರಿಯ ನಮ್ಮ ಓಣಿಯ ನಳದ ಮುಂದೆ, ಕೊಡ ಹಿಡಿದು ನಿಂತ ಅಷ್ಟೂ ಹೆಣ್ಣುಮಕ್ಕಳ ಎದುರು ಹೇಳಿದವನು ನಾನು. ತಪ್ಪು ತಿಳಿದು ಹೇಳಿದೆ ಎಂದು ಇಷ್ಟು ವರ್ಷ ನಂಬಿದ್ದೆ. ಈಗ ಆ ನಂಬಿಕೆಯ ಮೇಲೂ ಸಂಶಯ ಬಂದಿದೆ — ಅದಕ್ಕೇ ಬರೆಯುತ್ತಿದ್ದೇನೆ.

ಗದಗ ಹೊಸ ಜಿಲ್ಲೆಯಾದ ಮೊದಲ ವರ್ಷಗಳು. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕೆಲಸವಿಲ್ಲದೆ ಅಪ್ಪನ ಮಗ್ಗದ ಮನೆಯಲ್ಲಿ ಕುಳಿತಿದ್ದೆ. ಹಳೆಯ ಮೀನಿನ ತೊಟ್ಟಿಯೊಂದರಲ್ಲಿ ಹನ್ನೊಂದು ಸಹಸ್ರಪದಿಗಳನ್ನು ಸಾಕಿದ್ದೆ — ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಕಪ್ಪು ಹುಳಗಳು. ಅವುಗಳಿಗೆಂದೇ ಹಿತ್ತಲಲ್ಲಿ ಮೂರು ಒಡಕು ಮಡಕೆಗಳ ಬೇಸಾಯ. ಒಂದರಲ್ಲಿ ನಿಮ್ಮ ಪೇರಲ ಗಿಡದಿಂದ ಗೋಡೆ ದಾಟಿ ಬಿದ್ದ ಎಲೆ ಕೊಳೆಯುತ್ತಿತ್ತು, ಒಂದರಲ್ಲಿ ಸೌತೆಬಳ್ಳಿ, ಇನ್ನೊಂದರಲ್ಲಿ ನೀವೇ ಬೀಜ ಕೊಟ್ಟ ಹಕ್ಕರಕಿ. ಕೊಳೆತ ಎಲೆಯನ್ನು ಆರಿಸಿ, ಅಂಗೈಯಲ್ಲಿ ತಿಕ್ಕಿ, ಜರಡಿ ಹಿಡಿದು ತೊಟ್ಟಿಗೆ ಹರವುತ್ತಿದ್ದೆ.

ನಿಮಗೆ ನಗು. "ಅವುಕ್ಕ ಎಷ್ಟು ಕಾಲೋ ತಮ್ಮಾ, ಚಪ್ಪಲಿ ಕೊಡಸಾಕ ಹೋದ್ರ ನಿಮ್ಮಪ್ಪ ಮಗ್ಗಾನ ಮಾರಬೇಕಾಕ್ಕೈತಿ." ಆದರೂ ಮನೆಮನೆಗೆ ಸೊಪ್ಪು ಮಾರಿ ಬಂದ ಮೇಲೆ, ಬಾಡಿದ ಎಲೆಗಳನ್ನು ಹುಳಗಳ ಪಾಲೆಂದು ಗೋಡೆಯ ಮೇಲಿಡುತ್ತಿದ್ದಿರಿ.

ಒಂದು ಬೆಳಿಗ್ಗೆ ನೋಡಿದರೆ ಹನ್ನೊಂದೂ ಸತ್ತಿದ್ದವು. ಮುಟ್ಟಿದರೂ ಸುತ್ತಿಕೊಳ್ಳಲಿಲ್ಲ. ಸಂಶಯಪಡುವುದೇ ನಾನು ಕಲಿತ ವಿದ್ಯೆ. ನಳದ ನೀರನ್ನು ಸಂಶಯಿಸಿದೆ, ಸೌತೆಯ ಬೀಜ ಕೊಟ್ಟ ಅಂಗಡಿಯವನನ್ನು ಸಂಶಯಿಸಿದೆ. ಕೊನೆಗೆ ಹಿಂದಿನ ದಿನ ನೀವಿಟ್ಟ ಎಲೆಗಳಲ್ಲಿಗೆ ಬಂದು ನಿಂತೆ. ಅಂದೇ ಸಂಜೆ ನಳಕ್ಕೆ ನೀರು ಬಂದಾಗ ಹೇಳಿಬಿಟ್ಟೆ:

"ಅಕ್ಕಾ, ನೀವು ಪಲ್ಲೆಕ್ಕ ಔಷಧಿ ಹೊಡದೀರಿ. ನನ್ನ ಹುಳ ಅದನ್ನ ತಿಂದು ಸತ್ತಾವು."

ನೀವು ಕೊಡ ಕೆಳಗಿಟ್ಟಿರಿ. "ತಮ್ಮಾ, ನನ್ನ ಮೊಮ್ಮಗಳು ಅದನ್ನ ಹಿತ್ತಲ ಮಡಿಯಿಂದನ ಹರಕೊಂಡು ತಿಂತಾಳ. ಔಷಧಿ ಹೊಡದು ಆಕೀಗೆ ತಿನ್ನಸ್ತೀನೇನು?"

ಸಾಲಿನಲ್ಲಿ ಯಾರೋ ಅಂದರು, "ಯುನಿವರ್ಸಿಟಿಯೊಳಗ ಕಲ್ತಾಂವ ಸುಳ್ಳು ಹೇಳ್ತಾನೇನ ಬೇ?"

ಹಕ್ಕರಕಿ ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುವ ಸೊಪ್ಪು. ಅನುಮಾನ ಬಿದ್ದರೆ ಮುಗಿಯಿತು, ಯಾರೂ ಬಾಯಿಗಿಡುವುದಿಲ್ಲ. ಮರುದಿನದಿಂದ ನಿಮ್ಮ ಬುಟ್ಟಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಮರಳತೊಡಗಿತು. ತಿಂಗಳೊಳಗೆ ಹಿತ್ತಲು ಬೀಳುಬಿಟ್ಟು, ಯಾರದೋ ಮಗ್ಗದ ಮನೆಯಲ್ಲಿ ನೂಲು ಸುತ್ತಲು ಕುಳಿತಿರಿ. ಆಮೇಲೆ ಲಕ್ಷ್ಮೇಶ್ವರಕ್ಕೆ, ಮಗಳ ಮನೆಗೆ.

ನಡೆದದ್ದು ಇಷ್ಟು. ಗಂಜಿ ಹಾಕಿದ ನೂಲಿಗೆ ಇರುವೆ ಮುತ್ತುತ್ತವೆ. ಅದಕ್ಕೆ ಅವ್ವ ಮಗ್ಗದ ಕೆಳಗಿನ ಕುಣಿಯ ಅಂಚಿಗೆ ಇರುವೆ ಕೊಲ್ಲುವ ಪುಡಿಯನ್ನು ಒಂದು ಹಳೆಯ ಜರಡಿಯಿಂದ ಉದುರಿಸುತ್ತಿದ್ದಳು. ಆ ಜರಡಿ ಮಗ್ಗದ ಕೋಣೆಯ ಗೂಟ ಬಿಟ್ಟು ಕದಲಬಾರದು. ಹುಳ ಸಾಯುವ ಹಿಂದಿನ ದಿನ, ನನ್ನ ಜರಡಿ ಕೈಗೆ ಸಿಗದೆ, ಅದನ್ನೇ ತಂದು ಎಲೆ ಜರಡಿ ಹಿಡಿದಿದ್ದೆ. ಅದರ ಅಂಚಿನಲ್ಲಿ ಬಿಳಿ ಪುಡಿ ಕಂಡದ್ದು, ತಿಕ್ಕಿ ತೊಳೆದು ಮತ್ತೆ ಗೂಟಕ್ಕೆ ಹಾಕಿದ್ದು ನೆನಪಿದೆ. ಯಾವಾಗ? ನಿಮ್ಮನ್ನು ದೂರಿದ ಎರಡು ದಿನದ ಮೇಲೆ, ಎನ್ನುತ್ತದೆ ನೆನಪು. ಹಾಗಿದ್ದರೆ ನಾನು ಬರೀ ಹೇಡಿ — ಗೊತ್ತಾದ ಮೇಲೆ ಬಾಯಿ ಬಿಡದವನು. ಅಷ್ಟನ್ನು ಹೊತ್ತು ಬದುಕಬಹುದಿತ್ತು. ಬದುಕಿದೆ.

ಮೊನ್ನೆ ಅವ್ವನ ಒಂದು ಮಾತು ಎಲ್ಲಿಂದಲೋ ಬಂತು. "ಜರಡಿ ಯಾಕ ಹಸಿ ಐತಲೇ? ನೀ ಮುಟ್ಟಿದ್ದೇನು?" ಕೈಯಲ್ಲಿ ಚೀಲ ಹಿಡಿದು, ಬಸ್ಸಿಗೆ ಹೊರಟವಳು ಹೊಸ್ತಿಲಲ್ಲಿ ತಿರುಗಿ ಕೇಳಿದ್ದು. ಅವ್ವ ಶಿರಹಟ್ಟಿಯ ತವರಿಗೆ ಹೋದದ್ದು ಹುಳ ಸತ್ತ ದಿನವೇ, ಮಧ್ಯಾಹ್ನ. ಬಂದದ್ದು ಎಂಟು ದಿನ ಬಿಟ್ಟು. ಅಂದರೆ — ಆ ಸಂಜೆ ನಾನು ನಿಮ್ಮೆದುರು ನಿಂತಾಗ ಜರಡಿ ಆಗಲೇ ತೊಳೆದಾಗಿತ್ತು.

ಇದನ್ನು ಸುಳ್ಳು ಮಾಡಲು ಬಹಳ ನೋಡಿದೆ. ಬೇರೆ ದಿನವಿರಬಹುದು, ಬೇರೆ ಪ್ರಯಾಣವಿರಬಹುದು... ಅವ್ವ ಈಗಿಲ್ಲ. ಇದ್ದಾಗ ಕೇಳಲಿಲ್ಲ. ಬೀಜ ಕೊಟ್ಟ ಅಂಗಡಿಯವನನ್ನೂ ಬಿಡದವನು ನನ್ನ ನೆನಪನ್ನು ಮಾತ್ರ ಒಂದು ಪ್ರಶ್ನೆಯನ್ನೂ ಕೇಳದೆ ಬಿಟ್ಟಿದ್ದೆ.

ಲಕ್ಷ್ಮೇಶ್ವರಕ್ಕೆ ಬಂದು ನಿಮ್ಮ ಕಾಲು ಹಿಡಿಯುವುದು ಸುಲಭ. ಆದರೆ ಸೊಪ್ಪಿನಲ್ಲಿ ಏನೂ ಇರಲಿಲ್ಲವೆಂದು ನಿಮಗೆ ಅಂದೇ ಗೊತ್ತಿತ್ತು, ಗೊತ್ತಿಲ್ಲದಿರುವುದು ಓಣಿಗೆ. ಜರಡಿ ಇನ್ನೂ ಅದೇ ಗೂಟದಲ್ಲಿದೆ. ನಾಡಿದ್ದು ಸಂಜೆ ನಳಕ್ಕೆ ನೀರು ಬರುತ್ತದೆ. ಅದನ್ನು ಹಿಡಿದುಕೊಂಡು ಸಾಲಿನ ಮುಂದೆ ನಿಲ್ಲುತ್ತೇನೆ. ಹೇಳಿ ಬಂದ ಮೇಲೆಯೇ ಈ ಕಾಗದವನ್ನು ಅಂಚೆಗೆ ಹಾಕುವುದು.