ಹೊಸ ಕ್ಯಾಸೆಟ್ ಮೊದಲು ಯಾವ ಊರಿಗೆ?

ಆಳಂದದ ಗುರುಬಾಯಿಗೆ ನಲವತ್ತು ದಾಟಿದ ಮೇಲೂ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಬೇಕಿತ್ತು. ವಾರಕ್ಕೆ ಮೂರು ದಿನ ಬಸ್ಸಿನಲ್ಲೇ ಕಳೆಯುವವಳಿಗೆ ಅಷ್ಟೂ ಹಕ್ಕಿಲ್ಲವೇ ಎಂದು ಕಂಡಕ್ಟರುಗಳನ್ನೇ ಕೇಳುತ್ತಿದ್ದಳು. ಸೋಮವಾರ ಸೊಲ್ಲಾಪುರಕ್ಕೆ ಹೋಗಿ ಚಾದರ, ಟವೆಲ್ಲು, ಜಮಖಾನೆಗಳ ಗಂಟು ಕಟ್ಟಿಸಿಕೊಂಡು ಬರುವುದು, ಬುಧವಾರ ಅಫಜಲಪುರ, ಶನಿವಾರ ಜೇವರ್ಗಿ; ಉಳಿದ ದಿನ ಆಳಂದದ ಮನೆಯ ಪಡಸಾಲೆಯೇ ಅಂಗಡಿ. ತವರು ಗಡಿಯ ಸರಸಂಬಾ ಆದ್ದರಿಂದ ಮರಾಠಿ ಆಕೆಗೆ ನೀರು ಕುಡಿದಷ್ಟು ಸಲೀಸು. ಗಂಡ ಚಂದ್ರಾಮಪ್ಪ ದನದ ದವಾಖಾನೆಯಲ್ಲಿ ಕಂಪೌಂಡರ್. ಒದೆಯುವ ಎತ್ತಿಗೆ ಸೂಜಿ ಚುಚ್ಚುವಾಗಲೂ ದನಿ ಏರಿಸದ ಮನುಷ್ಯ. ಮಾತಿನ ಕೆಲಸವನ್ನೆಲ್ಲ ಹೆಂಡತಿಗೇ ಬಿಟ್ಟುಕೊಟ್ಟಿದ್ದ.

1993ರ ಚಳಿಗಾಲದಲ್ಲಿ ಒಂದು ಶನಿವಾರ ಗುರುಬಾಯಿ ಜೇವರ್ಗಿಯಲ್ಲಿ ಪ್ರಮಿಲಾ ಟೀಚರ ಮನೆಯ ಕಟ್ಟೆಯ ಮೇಲೆ ಗಂಟು ಬಿಚ್ಚಿದಳು. ಪ್ರಮಿಲಾ ದಿನಾ ಇಜೇರಿಯ ಶಾಲೆಗೆ ಹೋಗಿಬರುವ ಟೀಚರ್. ಆವತ್ತು ಆಕೆ ಚಾದರ ಮುಟ್ಟಿಯೂ ನೋಡಲಿಲ್ಲ. ಒಳಗಿನಿಂದ ಅಂಗೈಯಗಲದ ಹಳದಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ತೋರಿಸಿದಳು. ಅದು ವಿಡಿಯೋ ಗೇಮಿನ ಕ್ಯಾಸೆಟ್. ಟೀವಿಗೆ ಜೋಡಿಸಿ ಆಡುವ ಯಂತ್ರವನ್ನು ದೀಪಾವಳಿಗೆ ಗುಲಬರ್ಗಾದಿಂದ ತಂದಿದ್ದರು. ಅದರ ಜತೆ ಬಂದ ಆಟವನ್ನು ತಾನೂ ತನ್ನ ಇಬ್ಬರು ಹೆಣ್ಣುಮಕ್ಕಳೂ ತಿಂಗಳೊಳಗೆ ಆಡಿ ಮುಗಿಸಿಬಿಟ್ಟಿದ್ದರು. ಈಗ ಹೊಸದೊಂದು ಬಂದಿದೆಯಂತೆ, ಗುಡ್ಡ ಹತ್ತುವ ಆಟ. ಗುಲಬರ್ಗಾದ ಅಂಗಡಿಯವರು ಮುನ್ನೂರೈವತ್ತು ಎನ್ನುತ್ತಾರೆ, ಅದೂ ಎರಡು ತಿಂಗಳು ಬಿಟ್ಟು ಬರುತ್ತದಂತೆ. ಸೊಲ್ಲಾಪುರದಲ್ಲಿ ಒಮ್ಮೆ ವಿಚಾರಿಸಲು ಸಾಧ್ಯವೇ ಎಂದು ಪ್ರಮಿಲಾ ಕೇಳಿದಳು.

ಕ್ಯಾಸೆಟ್ ಎಂದರೆ ಹಾಡಿನದು ಎಂದಷ್ಟೇ ತಿಳಿದಿದ್ದ ಗುರುಬಾಯಿ ಹಳದಿ ಡಬ್ಬಿಯನ್ನು ತಿರುವಿ ಮುರುವಿ ನೋಡಿ, ನಮೂನೆಗೆ ಇರಲಿ ಎಂದು ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದಳು.

ಸೊಲ್ಲಾಪುರದಲ್ಲಿ ಚಾದರದ ಪೇಟೆಯ ಹಿಂದಿನ ಓಣಿಯಲ್ಲೇ ದತ್ತಾತ್ರೇಯ ಎಂಬುವನ ಅಂಗಡಿ ಇತ್ತು. ಕೈಗಡಿಯಾರ, ಕ್ಯಾಲ್ಕುಲೇಟರ್, ಟಾರ್ಚುಗಳ ನಡುವೆ ಈ ಕ್ಯಾಸೆಟ್ಟುಗಳೂ ಸಾಲಾಗಿ ನಿಂತಿದ್ದವು. ಗುಡ್ಡ ಹತ್ತುವ ಆಟವೂ ಇತ್ತು, ಬಂದು ಹದಿನೈದು ದಿನವಾಗಿತ್ತು. ಬೆಲೆ ಇನ್ನೂರು. ಗುರುಬಾಯಿಗೆ ನಂಬಿಕೆಯಾಗಲಿಲ್ಲ. ನೂರು ಕಿಲೋಮೀಟರಿನ ಆಚೆ ಇದೇ ಮಾಲಿಗೆ ಮುನ್ನೂರೈವತ್ತು ಏಕೆ, ಅಲ್ಲಿಗಿನ್ನೂ ಬಂದೇ ಇಲ್ಲವೇಕೆ ಎಂದು ಬೆನ್ನುಹತ್ತಿ ಕೇಳಿದಳು. ದತ್ತಾತ್ರೇಯ ಸಾವಕಾಶವಾಗಿ ವಿವರಿಸಿದ. ಮಾಲು ಮೊದಲು ಇಳಿಯುವುದು ಮುಂಬಯಿಯಲ್ಲಿ. ತನ್ನಂಥವರು ಅಲ್ಲಿಂದಲೇ ರೈಲಿನಲ್ಲಿ ತರಿಸುತ್ತಾರೆ. ಗುಲಬರ್ಗಾದವರು ಮೊದಲಿನಿಂದಲೂ ಖರೀದಿ ಮಾಡುವುದು ಹೈದರಾಬಾದಿನಲ್ಲಿ. ಹಾಗಾಗಿ ಡಬ್ಬಿಗಳು ಅದೇ ರೈಲಿನಲ್ಲಿ ಗುಲಬರ್ಗಾ ಸ್ಟೇಷನ್ನನ್ನು ದಾಟಿ ಹೈದರಾಬಾದಿಗೆ ಹೋಗುತ್ತವೆ, ಅಲ್ಲಿ ದೊಡ್ಡ ವ್ಯಾಪಾರಿಯ ಗೋದಾಮಿನಲ್ಲಿ ಕೂರುತ್ತವೆ, ಇಬ್ಬರು ಮೂವರ ಕೈದಾಟಿ ಮತ್ತೆ ಗುಲಬರ್ಗಾಕ್ಕೆ ವಾಪಸ್ಸು ಬರುತ್ತವೆ. ಒಂದೊಂದು ಕೈಗೂ ಒಂದಿಷ್ಟು ಲಾಭ.

ಗುರುಬಾಯಿ ಅಂಗಡಿಯ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮನೆ ಬಾಗಿಲು ದಾಟಿ ಹೋದ ಬೀಗರು ಮುಂದಿನ ಊರು ಸುತ್ತಿ, ಎರಡು ತಿಂಗಳ ಮೇಲೆ ಊಟಕ್ಕೆ ಬಂದಂತಾಯಿತಲ್ಲ ಎಂದಳು. ನಗು ನಿಂತ ಮೇಲೆ ಎರಡು ಕ್ಯಾಸೆಟ್ ಕೊಂಡಳು, ಒಂದು ಟೀಚರಿಗೆ, ಇನ್ನೊಂದು ಧೈರ್ಯಕ್ಕೆ.

ಆ ಎರಡನೆಯದನ್ನು ಆಳಂದದ ಬ್ಯಾಂಕಿನ ಗುಮಾಸ್ತರ ಹೆಂಡತಿ ಶಾರದಾಬಾಯಿ ಅದೇ ದಿನ ಕೊಂಡುಬಿಟ್ಟಳು. ವ್ಯಾಪಾರ ಹಾಗೆ ಶುರುವಾಯಿತು.

ಮೊದಲ ಪೆಟ್ಟು ತಿಂದದ್ದು ಮೂರನೆಯ ತಿಂಗಳು. ಪ್ರಮಿಲಾಗೆ ಮಾರಿದ ಒಂದು ಡಬ್ಬಿಯ ಮೇಲೆ ಅರವತ್ತನಾಲ್ಕು ಆಟ ಎಂದು ಅಚ್ಚಾಗಿತ್ತು. ಪ್ರಮಿಲಾ ಎಲ್ಲವನ್ನೂ ಆಡಿ ನೋಡಿ, ಒಳಗಿರುವುದು ನಾಲ್ಕೇ ಆಟ, ಅವನ್ನೇ ಹೆಸರು ಬದಲಿಸಿ ಹದಿನಾರು ಸಲ ಹಾಕಿದ್ದಾರೆ ಎಂದು ಪತ್ತೆ ಮಾಡಿದ್ದಳು. ಗುರುಬಾಯಿ ಅದನ್ನು ಸೊಲ್ಲಾಪುರಕ್ಕೆ ಹೊತ್ತೊಯ್ದಳು. ದತ್ತಾತ್ರೇಯ, ತಾನೇನು ಒಳಗೆ ಹೊಕ್ಕು ನೋಡಿದ್ದೇನೆಯೇ ಎಂದ. ಹಾಗಾದರೆ ತಾನು ನೋಡುತ್ತೇನೆ ಎಂದು ಆಕೆ ಸ್ಟೂಲೊಂದನ್ನು ಎಳೆದುಕೊಂಡು ಅಂಗಡಿಯ ಟೀವಿಯ ಮುಂದೆ ಕೂತಳು. ಅಂದಿನಿಂದ ಪ್ರತಿ ಸೋಮವಾರ, ನೂಲು ಎಳೆದು ಚಾದರ ಪರೀಕ್ಷಿಸುವವಳು ಅದೇ ಗತ್ತಿನಲ್ಲಿ ಪ್ರತಿ ಕ್ಯಾಸೆಟ್ ಹಾಕಿಸಿ, ಜಾಯ್‌ಸ್ಟಿಕ್ ಹಿಡಿದು, ಆಟ ಎಣಿಸಿಯೇ ತರತೊಡಗಿದಳು. ಮೊದಮೊದಲು ಎರಡು ಹೆಜ್ಜೆಗೆ ಹಳ್ಳಕ್ಕೆ ಬೀಳುತ್ತಿದ್ದ ಆಕೆಯ ಆಟದ ಮನುಷ್ಯ ಆಷಾಢ ಬರುವಷ್ಟರಲ್ಲಿ ಮೂರು ಗುಡ್ಡ ಹತ್ತುತ್ತಿದ್ದ. ಮನೆಗೂ ಒಂದು ಯಂತ್ರ ಬಂತು. ಇದೆಲ್ಲ ವ್ಯರ್ಥ ಕಾಲಹರಣ ಎಂದು ಗೊಣಗಿದ್ದ ಚಂದ್ರಾಮಪ್ಪ ಟ್ಯಾಂಕುಗಳ ಕಾಳಗದ ಆಟಕ್ಕೆ ಎಷ್ಟು ಅಂಟಿಕೊಂಡನೆಂದರೆ, ಜ್ವರ ಬಂದ ಎಮ್ಮೆಯ ಸಲುವಾಗಿ ಕರೆಯಲು ಬಂದವರು ಅವನ ಟ್ಯಾಂಕು ಸಾಯುವವರೆಗೆ ಅಂಗಳದಲ್ಲಿ ಕಾಯಬೇಕಾಯಿತು. ಆವತ್ತು ಗುರುಬಾಯಿ ಟೀವಿಯ ವೈರನ್ನೇ ಕಿತ್ತಿಟ್ಟಳು.

ಅಫಜಲಪುರದಲ್ಲಿ ಆಕೆಯ ದೊಡ್ಡ ಗಿರಾಕಿ ಭೀಮಶಾ. ಬಸ್ ಸ್ಟ್ಯಾಂಡಿನ ಎದುರು ಎರಡು ಟೀವಿ ಇಟ್ಟು, ಹತ್ತು ನಿಮಿಷಕ್ಕೆ ಒಂದು ರೂಪಾಯಿಯಂತೆ ಆಟ ಆಡಿಸುತ್ತಿದ್ದ. ಸಂತೆಗೆ ಬಂದ ಮಣ್ಣೂರಿನ ಗೌಡರು ಕೂಡ ಬಸ್ಸು ತಪ್ಪಿಸಿಕೊಂಡು ಅಲ್ಲಿ ಕೂರುತ್ತಿದ್ದರು. ಗುರುಬಾಯಿ ಸೋಮವಾರ ತಂದದ್ದನ್ನು ಆಳಂದದಲ್ಲಿ ಇನ್ನೂರಾ ಇಪ್ಪತ್ತೈದಕ್ಕೆ ಮಾರಿ, ಉಳಿದದ್ದನ್ನು ಬುಧವಾರ ಭೀಮಶಾನಿಗೆ ಇನ್ನೂರೈವತ್ತಕ್ಕೆ ಕೊಡುತ್ತಿದ್ದಳು. ಜೇವರ್ಗಿಗೆ ಮುಟ್ಟುವುದು ಆಮೇಲೆ. ಎಷ್ಟೋ ಸಲ ಅಷ್ಟರಲ್ಲಿ ಮಾಲು ತೀರಿರುತ್ತಿತ್ತು, ಪ್ರಮಿಲಾ ಮತ್ತೆರಡು ಮೂರು ವಾರ ಕಾಯಬೇಕಿತ್ತು. ಅಲ್ಲಿನ ಬೆಲೆ ಇನ್ನೂರಾ ಎಂಬತ್ತು. ಬಸ್ಸಿನ ಚಾರ್ಜು ಕೂಡಿಸಿ ಹೇಳುವುದು ಚಾದರದ ವ್ಯಾಪಾರದಲ್ಲಿ ಆಕೆಗೆ ರೂಢಿಯಾಗಿತ್ತು, ಯಾರೂ ತಕರಾರು ಮಾಡಿರಲಿಲ್ಲ.

1995ರ ಬೇಸಿಗೆಯಲ್ಲಿ ಪ್ರಮಿಲಾಗೆ ಅಫಜಲಪುರದಲ್ಲಿ ಒಂದು ವಾರದ ಶಿಕ್ಷಕರ ತರಬೇತಿ ಬಿತ್ತು. ಬಿಸಿಲಿಗೆ ಬಳಲಿ ಸೋಡಾ ಕುಡಿಯಲು ನಿಂತವಳ ಕಿವಿಗೆ ಭೀಮಶಾನ ಅಂಗಡಿಯ ಪೀಪೀ ಸದ್ದು ಬಿತ್ತು. ಒಳಗೆ ನೋಡಿದರೆ, ತಾನು ಮೊನ್ನೆ ಹೊಸದೆಂದು ಕೊಂಡ ಆಟವನ್ನು ಇಲ್ಲಿಯ ಜನ ಕಣ್ಣು ಮುಚ್ಚಿ ಆಡುತ್ತಿದ್ದಾರೆ. ಯಾವಾಗ ಬಂತು, ಎಷ್ಟು ಕೊಟ್ಟಿರಿ ಎಂದು ಮಾತು ಬೆಳೆದು, ಇಬ್ಬರಿಗೂ ಮಾಲು ಕೊಡುವವಳು ಗುರುಬಾಯಿಯೇ, ಬೆಲೆ ಮಾತ್ರ ಬೇರೆ ಎಂಬುದು ಹೊರಬಿತ್ತು. ಬುಧವಾರ ಗುರುಬಾಯಿ ಬಸ್ಸಿಳಿದು ಗಂಟು ಕೆಳಗಿಟ್ಟಾಗ ಇಬ್ಬರೂ ಬೆಂಚಿನ ಮೇಲೆ ಜತೆಯಾಗಿ ಕೂತು ಕಾಯುತ್ತಿದ್ದರು.

"ಅಕ್ಕಾ, ಒಂದ ಕ್ಯಾಸೆಟ್ಟಿಗಿ ಎಷ್ಟ ರೇಟ ಅವ್ರಿ?" ಎಂದ ಭೀಮಶಾ. "ನಮಗ ಒಂದು, ಟೀಚರಿಗಿ ಒಂದು, ಆಳಂದದಾಗ ಇನ್ನೊಂದು ಅಂತ ಕೇಳಾಕತ್ತೇನಿ."

ಗುರುಬಾಯಿ ಸುಳ್ಳು ಹೇಳಲಿಲ್ಲ. ಗಂಟಿನ ಮೇಲೇ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಯಾವ ಊರಿಗೆ ಎಷ್ಟು ಬಸ್ಸು ಬದಲಿಸಬೇಕು, ಗಂಟಿಗೆ ಬೇರೆ ಲಗೇಜಿನ ಚಾರ್ಜು ಎಷ್ಟು ಎಂದು ಎಲ್ಲ ಹೇಳಿದಳು. ಆದರೂ ಇಬ್ಬರ ಮುಖ ಸಡಿಲವಾಗಲಿಲ್ಲ. ಆಕೆಗೆ ನಿಜಕ್ಕೂ ನಾಚಿಕೆಯಾಯಿತು. ಇನ್ನು ಮೇಲೆ ಮೂರೂ ಊರಿಗೆ ಒಂದೇ ಬೆಲೆ, ಇನ್ನೂರೈವತ್ತು ಎಂದು ಅಲ್ಲೇ ಮಾತು ಕೊಟ್ಟಳು.

ಮರುದಿನವೇ ಆಳಂದದಲ್ಲಿ ಗದ್ದಲ. ಜೇವರ್ಗಿಯವರ ಬಸ್ ಚಾರ್ಜನ್ನು ತಾವೇಕೆ ಕೊಡಬೇಕು, ಸೊಲ್ಲಾಪುರ ತಮಗೆ ಹತ್ತಿರ ಇರುವುದು ತಮ್ಮ ತಪ್ಪೇ ಎಂದು ಶಾರದಾಬಾಯಿ ಪಡಸಾಲೆಯಲ್ಲೇ ಕೇಳಿದಳು. ಅದರಲ್ಲೂ ನ್ಯಾಯವಿತ್ತು. ಗುರುಬಾಯಿ ಎರಡು ದಿನ ಊಟದಲ್ಲಿ ರುಚಿ ಕಾಣಲಿಲ್ಲ. ಚಾದರವೇ ಸಾಕು, ಇದನ್ನು ಬಿಟ್ಟುಬಿಡಲೇ ಎಂದು ಗಂಡನನ್ನು ಕೇಳಿದಳು. ಚಂದ್ರಾಮಪ್ಪ ರೊಟ್ಟಿ ಮುರಿಯುತ್ತಾ, ಸಿಟ್ಟು ಯಾತರದ್ದು ಎಂದು ಮೊದಲು ಅವರನ್ನೇ ಕೇಳು, ದನಕ್ಕಾದರೆ ಬಾಯಿಲ್ಲ, ಮನುಷ್ಯರಿಗೆ ಇದೆಯಲ್ಲ ಎಂದ.

ಶನಿವಾರ ಜೇವರ್ಗಿಗೆ ಹೋದವಳು ಪ್ರಮಿಲಾಳನ್ನು ನೇರವಾಗಿ ಕೇಳಿದಳು: "ಟೀಚರ್, ಖರೇ ಹೇಳ್ರಿ. ನಿಮಗ ರೊಕ್ಕದ ಸಿಟ್ಟೋ, ತಡಾ ಆಗಿದ್ದರ ಸಿಟ್ಟೋ?"

ಪ್ರಮಿಲಾ ಕಟ್ಟೆಯ ಮೇಲೆ ಆಕೆಯ ಪಕ್ಕ ಕೂತಳು. "ಮೂವತ್ತು ರೂಪಾಯಿದು ಏನಿಲ್ರಿ ಗುರುಬಾಯಿ. ಅವರು ಆಡಿ ಬ್ಯಾಸರಾಗಿ ಬಿಟ್ಟಿದ್ದನ್ನ ನಮಗ ಹೊಸಾದು ಅಂತ ಕೊಟ್ಟಿರಲ್ಲ, ಅದು ಮನಸ್ಸಿಗಿ ಹತ್ತೇದ."

ಗುರುಬಾಯಿಗೆ ಆಗ ತಿಳಿಯಿತು. ಚಾದರ ಯಾವ ಊರಿಗೆ ಯಾವಾಗ ಬಂತು ಎಂದು ಯಾರೂ ಕೇಳುವುದಿಲ್ಲ. ಇಂದು ಕೊಂಡರೂ ಬೆಚ್ಚಗೆ, ಮುಂದಿನ ವರ್ಷ ಕೊಂಡರೂ ಬೆಚ್ಚಗೆ. ಆಟ ಹಾಗಲ್ಲ. ಪಕ್ಕದ ಊರಿನವರು ಆಡಿ ಮುಗಿಸಿದರೆ ಅದು ಬಿಚ್ಚದ ಡಬ್ಬಿಯಲ್ಲೇ ಹಳತಾಗಿಬಿಡುತ್ತದೆ. ಆಕೆ ಅಲ್ಲೇ ಕೂತು ಸರದಿಯ ಲೆಕ್ಕ ಹಾಕಿದಳು. ಹೊಸ ಆಟ ಬಂದಾಗಲೆಲ್ಲ ಮೂರರಲ್ಲಿ ಒಂದು ಊರಿಗೆ ಮೊದಲ ಪಾಳಿ. ಮೊದಲು ಪಡೆದವರು ಇನ್ನೂರಾ ಎಪ್ಪತ್ತು ಕೊಡಬೇಕು, ವಾರ ಬಿಟ್ಟು ಎರಡನೆಯ ಊರಿಗೆ ಇನ್ನೂರಾ ನಲವತ್ತು, ಕಡೆಯವರಿಗೆ ಇನ್ನೂರಾ ಹತ್ತು. ಮುಂದಿನ ಸಲ ಪಾಳಿ ಬದಲು. ಶಾರದಾಬಾಯಿ ಹುಬ್ಬು ಗಂಟಿಕ್ಕಿ ಕೇಳಿ, ಕಡೆಗೆ ಬಂದರೂ ಅಗ್ಗವಾಯಿತಲ್ಲ ಎಂದು ಒಪ್ಪಿದಳು. ಭೀಮಶಾ ಮಾತ್ರ ತನಗೆ ಯಾವಾಗಲೂ ಮೊದಲ ಪಾಳಿಯೇ ಬೇಕು, ಮುನ್ನೂರು ಕೊಡುತ್ತೇನೆ ಎಂದ. ಗುರುಬಾಯಿ ಒಪ್ಪಲಿಲ್ಲ. ಪಾಳಿ ಅಂದರೆ ಪಾಳಿ ಎಂದಳು.

ಆ ದಸರೆಗೆ ಮೊದಲ ಪಾಳಿ ಜೇವರ್ಗಿಯದು, ಆಟವೋ ಜೋಡಿಯಾಗಿ ಆಡುವಂಥದು. ದಾರಿಯಲ್ಲಿ ಬಸ್ಸು ಭೀಮಾ ನದಿಯ ಸೇತುವೆಯ ಹತ್ತಿರ ಕೆಟ್ಟು ನಿಂತು, ಗುರುಬಾಯಿ ಬಿತ್ತನೆಯ ಕಡಲೆ ಹೇರಿದ ಟ್ರ್ಯಾಕ್ಟರ್ ಏರಿ ಜೇವರ್ಗಿ ಮುಟ್ಟುವಾಗ ಮಧ್ಯಾಹ್ನ ಮೂರು. ಪ್ರಮಿಲಾ ಮನೆಯ ಮುಂದೆ ಏಳೆಂಟು ಮನೆಯವರು ಸೇರಿದ್ದರು. ಅವರ ನಡುವೆ ಇಸ್ತ್ರಿಯ ಅಂಗಿಯ ಅಪರಿಚಿತನೊಬ್ಬನಿದ್ದ. ಗುಲಬರ್ಗಾದಲ್ಲಿ ಇದೇ ಮಾಲಿನ ಅಂಗಡಿ ಇಟ್ಟಿದ್ದ ಶ್ರೀನಿವಾಸ. ತನ್ನ ಗಿರಾಕಿಗಳು ಹಳ್ಳಿಯ ಕಡೆ ಹರಿದುಹೋಗುತ್ತಿರುವುದೇಕೆ ಎಂದು ನೋಡಲು ಬಂದಿದ್ದ. ಜಗಳ ತೆಗೆಯುತ್ತಾನೆಂದು ಗುರುಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ಆದರೆ ಅವನು ಡಬ್ಬಿ ಕೈಗೆ ತೆಗೆದುಕೊಂಡು, ತನಗೆ ಇದು ಸಂಕ್ರಾಂತಿಗೆ ಬರುತ್ತದೆಂದು ಹೈದರಾಬಾದಿನವರು ಹೇಳಿದ್ದಾರೆ ಎಂದು ಪೆಚ್ಚಾಗಿ ನಕ್ಕ.

ಆಕೆ ಅವನಿಗೆ ರೈಲಿನ ಕಥೆ ಹೇಳಿದಳು. ತನ್ನ ಊರಿನ ಸ್ಟೇಷನ್ನನ್ನೇ ದಾಟಿ ಹೋಗುವ ಪೆಟ್ಟಿಗೆಗಳಿಗೆ ತಾನು ಇಷ್ಟು ವರ್ಷ ಹೆಚ್ಚು ಬೆಲೆ ತೆತ್ತಿದ್ದನ್ನು ಕೇಳಿ ಶ್ರೀನಿವಾಸ ಹಣೆ ಚಚ್ಚಿಕೊಂಡ. ಸೊಲ್ಲಾಪುರದಿಂದಲೇ ತಂದುಕೊಳ್ಳಿ ಎಂದರೆ, ಅಲ್ಲಿ ತನಗೆ ಭಾಷೆಯೂ ಬಾರದು, ಪೇಟೆಯೂ ಗೊತ್ತಿಲ್ಲ, ನೀವೇ ನೋಡಿ ಆರಿಸಿ ತಂದುಕೊಟ್ಟರೆ ಒಳ್ಳೆಯದು ಎಂದ. ಹಾಗಾಗಿ ಆ ದೀಪಾವಳಿಯಿಂದ ಗುಲಬರ್ಗಾವೂ ಪಾಳಿಗೆ ಸೇರಿತು, ನಾಲ್ಕನೆಯ ಊರಾಗಿ. ದೊಡ್ಡ ಊರು ಎಂದು ಆಕೆ ಮೊದಲ ಸ್ಥಾನ ಕೊಡಲಿಲ್ಲ.

1997ರ ಬಸವ ಜಯಂತಿಯ ದಿನ ಗುರುಬಾಯಿ ಆಳಂದದ ಬಸ್ ಸ್ಟ್ಯಾಂಡಿನ ಪಕ್ಕ ಸ್ವಂತ ಅಂಗಡಿ ತೆರೆದಳು. ಒಂದು ಗೋಡೆಗೆ ಚಾದರ, ಇನ್ನೊಂದು ಗೋಡೆಗೆ ಕ್ಯಾಸೆಟ್. ಪೂಜೆಗೆ ಬಂದ ಪ್ರಮಿಲಾ ಟೀಚರೂ ಭೀಮಶಾನೂ ಪ್ರಸಾದ ಕೈಯಲ್ಲಿದ್ದಂತೆಯೇ ಟೀವಿಯ ಮುಂದೆ ಕೂತು ಜಾಯ್‌ಸ್ಟಿಕ್ ಹಿಡಿದರು. ಎರಡು ಆಟವನ್ನೂ ಟೀಚರೇ ಗೆದ್ದಳು. ಆಡಿಸುವ ಅಂಗಡಿಯ ಯಜಮಾನನಾದ ಭೀಮಶಾ ಬೆವರು ಒರೆಸಿಕೊಂಡು ಮೂರನೆಯದಕ್ಕೆ ಹಟ ಹಿಡಿದ. ಅಷ್ಟರಲ್ಲಿ ಮದುವೆ ಮನೆಯವರು ಇಪ್ಪತ್ತು ಚಾದರ ಬೇಕೆಂದು ಬಂದರು. ಗುರುಬಾಯಿ ಇಬ್ಬರನ್ನೂ ಎಬ್ಬಿಸಿ, ಭೀಮಶಾನ ಕೈಗೆ ಚಾದರದ ಒಂದು ತುದಿ ಕೊಟ್ಟು, ಟೀಚರ ಕೈಗೆ ಇನ್ನೊಂದು ತುದಿ ಕೊಟ್ಟು, ಗಿರಾಕಿಗಳಿಗೆ ಅಗಲ ತೋರಿಸಿ ಎಂದಳು.