ಬಿಸಿಗಾಳಿಯ ಚಾಚಾ

ಹುಮನಾಬಾದಿನ ನಮ್ಮ ಬೇಳೆ ಗಿರಣಿಯಲ್ಲಿ ತೊಗರಿ ಒಣಗಿಸುವ ಯಂತ್ರ ನೋಡಿಕೊಳ್ಳುವವರು ಲಾಲ್ ಅಹ್ಮದ್ ಚಾಚಾ. ಕೆಳಗಿನಿಂದ ಬಿಸಿಗಾಳಿ ನುಗ್ಗಿ ಕಾಳೆಲ್ಲ ಎಸರಿನಂತೆ ಕುದಿಯತೊಡಗಿದರೆ ಅವರ ಮಾತೂ ಶುರು: "ಗಾಳಿ ಕಾಳಿಗಿ ಬಿಸಿ ಕೊಡ್ತದ, ಕಾಳು ಗಾಳಿಗಿ ಹಸಿ ಕೊಡ್ತದ. ಮದುವ್ಯಾಗ ಬೀಗರು ಆಹೇರಿ ಕೊಟ್ಟು ತಗೊಂಡಂಗ." ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದು ನಮಗೆ ಇಂದಿಗೂ ಗೊಂದಲವೇ. ಗಿರಣಿ ಮಾಲೀಕ ಸೇಠರು ಕಾಳಿನ ಬಿಸಿ ಅಳೆಯಲು ಹಚ್ಚಿಸಿದ ಮೀಟರಿನ ಮೇಲೆ ಚಾಚಾಗೆ ಸಿಟ್ಟು. "ಅದಕ್ಕ ಚರ್ಮ ಅದ ಏನ್ರಿ?" ಎನ್ನುತ್ತ ಕಾಳಿನಲ್ಲಿ ಅಂಗೈ ಊರಿ, ಕಣ್ಣು ಮುಚ್ಚಿ, ದುವಾ ಕೇಳುವವರಂತೆ ನಿಲ್ಲುತ್ತಾರೆ. ಒಮ್ಮೆ ಕಾಳು ಸೀದರೂ ಚಾಚಾ ಮನೆಗೆ, ಕೆಲಸ ಮೀಟರಿಗೆ ಎಂದು ಸೇಠರು ಹೇಳಿಟ್ಟಿದ್ದಾರೆ. ಈಚೆಗೆ ಅವರಿಗೊಂದು ಹೊಸ ಚಾಳಿ: ಬೇಳೆ ಆರಿಸುವ ಹೆಂಗಸರಾದ ನಮ್ಮ ಕೈಗೆ ಹಿಡಿ ಕಾಳು ಸುರಿದು, "ಹ್ಯಾಂಗ ಅವ, ಹೇಳ್ರಿ ಬಾಯಿ" ಎನ್ನುವುದು. "ಚಾಚಾ ನಮ್ಮನ್ನ ಸಾಲಿಗಿ ಹಚ್ಯಾನ, ಪಾಠ ಕಲಸ್ತಾನ" ಎಂದು ಜೊತೆಯ ದ್ರೌಪತಿ ನಗುತ್ತಾಳೆ. ನಾನೂ ಹಾಗೆಯೇ ತಿಳಿದಿದ್ದೆ. ನಿನ್ನೆ ಅವರ ಅಂಗೈಯ ಬೊಬ್ಬೆ ಒಡೆದು ನೀರು ಸುರಿಯುತ್ತಿತ್ತು. ಅದೇ ಕೈಯನ್ನು ಹಬೆಯಾಡುವ ಕಾಳಿನೊಳಗೆ ಇಟ್ಟುಕೊಂಡು, "ಇನ್ನಾ ತಣ್ಣಗೇ ಅವಲ್ರಿ ಬಾಯಿ?" ಎಂದು ನನ್ನ ಮುಖ ನೋಡಿದರು. "ಸುಡಾಕತ್ತಾವ, ಚಾಚಾ. ಕೈ ತೆಗೀರಿ" ಎಂದೆ, ಸೇಠರ ಕಿವಿಗೆ ಬೀಳದಂತೆ.